ಪಂಚಾಕ್ಷರಿ ಗವಾಯಿಗಳ ಶಾಲೆ, ನಮ್ಮ ಕ್ಲಾಸು

ಪಂಚಾಕ್ಷರಿ ಗವಾಯಿಗಳ ಹೆಸರು ನಮ್ಮ ಮನೆಗೆ ಮೊದಲು ಬಂದದ್ದು ಒಂದು ಬಿಟ್ಟಿ ಸಲಹೆಯ ಜೊತೆಯಲ್ಲಿ.

ನನ್ನ ಖಾಲಾನ ಮಗಳು ನನಗಿಂತ ಎರಡು ವರ್ಷ ದೊಡ್ಡವಳು. ನಾನು ಅವಳನ್ನು ಆಪಾ ಅನ್ನುತ್ತೇನೆ. ಆದರೂ ನಾವಿಬ್ಬರೂ ಒಂದೇ ಕ್ಲಾಸು, ದ್ವಿತೀಯ ಪಿಯುಸಿ ಕಾಮರ್ಸ್. ಅಂಕೋಲಾದಿಂದ ಒಂದೇ ಬಸ್ಸಿನಲ್ಲಿ ಕಾರವಾರಕ್ಕೆ ಬರುತ್ತೇವೆ, ಒಂದೇ ಬಸ್ಸಿನಲ್ಲಿ ಹಿಂದಿರುಗುತ್ತೇವೆ. ಅವಳ ಕಣ್ಣಿನ ಪರದೆಗೆ ಕಾಯಿಲೆ. ಏಳನೇ ತರಗತಿಯಲ್ಲಿ ಮೊದಲು ರಾತ್ರಿ ಕಾಣುವುದು ನಿಂತಿತು. ಆಮೇಲೆ ಪಕ್ಕದಲ್ಲಿ ಬಂದ ಸೈಕಲ್ಲು ಕಾಣುವುದು ನಿಂತಿತು. ಆಮೇಲೆ ಪುಸ್ತಕ. ಆಸ್ಪತ್ರೆಗಳಿಗೆ ತಿರುಗುವುದರಲ್ಲಿ ಎರಡು ವರ್ಷ ಹೋದವು. ಈಗ ಎದುರಿಗೆ ನಿಂತವರು ಅವಳಿಗೆ ಒಂದು ನೆರಳಿನ ಹಾಗೆ ಕಾಣುತ್ತಾರೆ. ಅಕ್ಷರವಂತೂ ಇಲ್ಲ.

ನಮ್ಮ ಕಡೆ ಮದುವೆಗೆ ಹೋದರೆ ಊಟ ಮುಗಿಯುವುದರೊಳಗೆ ಯಾರಾದರೊಬ್ಬರು ಖಾಲಾನ ಹತ್ತಿರ ಬಂದು, ಹುಡುಗಿಯನ್ನು ಗದಗಕ್ಕೆ ಯಾಕೆ ಕಳಿಸಬಾರದು, ಅಲ್ಲಿ ಗವಾಯಿಗಳ ಆಶ್ರಮದಲ್ಲಿ ಕಣ್ಣಿಲ್ಲದವರಿಗೆ ಸಂಗೀತ ಕಲಿಸುತ್ತಾರಲ್ಲ ಎಂದು ಕೇಳುತ್ತಾರೆ. ಕೇಳುವವರಲ್ಲಿ ನಮ್ಮ ಸಂಬಂಧಿಕರೂ ಇದ್ದಾರೆ, ಪಕ್ಕದ ಮನೆಯ ಅಜ್ಜಿಯೂ ಇದ್ದಾರೆ. ಯಾರೂ ಕೆಟ್ಟ ಮನಸ್ಸಿನವರಲ್ಲ. ತೊಂದರೆ ಏನೆಂದರೆ ಆಪಾಗೆ ಹಾಡಲು ಬರುವುದಿಲ್ಲ. ಅವಳು ನಾತ್ ಶುರು ಮಾಡಿದರೆ ಮನೆಯ ಬೆಕ್ಕು ಎದ್ದು ಹೋಗುತ್ತದೆ. ಇದನ್ನು ಅವಳೇ ಹೇಳಿ ನಗುತ್ತಾಳೆ. ಅವಳಿಗೆ ಬರುವುದು ಲೆಕ್ಕ. ಖಾಲು ಅವರ ಬಟ್ಟೆ ಅಂಗಡಿಯಲ್ಲಿ ಯಾರು ಎಷ್ಟು ಬಾಕಿ ಕೊಡಬೇಕು ಅನ್ನುವುದು ಪುಸ್ತಕಕ್ಕಿಂತ ಮೊದಲು ಅವಳ ಬಾಯಲ್ಲಿರುತ್ತದೆ.

ಆದ್ದರಿಂದ ಗವಾಯಿಗಳ ಬಗ್ಗೆ ನಾನು ಓದಲು ಶುರು ಮಾಡಿದ್ದು ಭಕ್ತಿಯಿಂದಲ್ಲ, ಸಿಟ್ಟಿನಿಂದ. ಕಣ್ಣಿಲ್ಲದವರೆಲ್ಲ ಹಾರ್ಮೋನಿಯಂ ಹಿಡಿಯಬೇಕು ಅಂತ ಇಡೀ ಉತ್ತರ ಕರ್ನಾಟಕ ನಂಬುವ ಹಾಗೆ ಮಾಡಿದ ಮನುಷ್ಯ ಯಾರು ಅಂತ ನೋಡಬೇಕಿತ್ತು. ಲೈಬ್ರರಿಯಲ್ಲಿ ಸಿಕ್ಕಿದ್ದನ್ನು ಓದಿದೆ. ಗೊತ್ತಿದ್ದವರನ್ನು ಕೇಳಿದೆ. ಸಿಟ್ಟು ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಅವರು ಹುಟ್ಟಿದ್ದು 1892ರಲ್ಲಿ, ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆ, ಈಗ ಹಾವೇರಿ. ನಮ್ಮ ಮುಂಡಗೋಡ, ಶಿರಸಿ ತಾಲೂಕುಗಳಿಗೆ ಅಂಟಿಕೊಂಡ ಸೀಮೆ, ಅಂದರೆ ನಮಗೆ ದೂರದವರೇನಲ್ಲ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅಣ್ಣ ಗುರುಬಸವಯ್ಯನಿಗೂ ಇರಲಿಲ್ಲ. ಬಡವರ ಮನೆ, ಕಣ್ಣಿಲ್ಲದ ಇಬ್ಬರು ಗಂಡುಮಕ್ಕಳು. ಒಬ್ಬಳ ಸಲುವಾಗಿಯೇ ನಮ್ಮ ಖಾಲಾ ರಾತ್ರಿ ಎಷ್ಟು ಹೊತ್ತು ಎಚ್ಚರ ಇರುತ್ತಾರೆ ಅಂತ ನನಗೆ ಗೊತ್ತು. ನೀಲಮ್ಮನವರ ಬಗ್ಗೆ ಓದುವಾಗ ನನಗೆ ಖಾಲಾನ ಮುಖವೇ ಕಂಡಿತು.

ಆ ಕಾಲದಲ್ಲಿ ಅಂಥ ಮಕ್ಕಳನ್ನು ಎಲ್ಲಿಗೆ ಕಳಿಸುವುದು? ಭಾರತದಲ್ಲಿ ಅಂಧರ ಮೊದಲ ಶಾಲೆ ಅಮೃತಸರದಲ್ಲಿ ಶುರುವಾದದ್ದು 1887ರಲ್ಲಿ, ಇವರು ಹುಟ್ಟುವುದಕ್ಕೆ ಐದೇ ವರ್ಷ ಮೊದಲು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಬಂದದ್ದು 1901ರಲ್ಲಿ. ಹಾನಗಲ್ ಸೀಮೆಯ ಒಂದು ಹಳ್ಳಿಯ ಬಡ ಮನೆಗೆ ಎರಡೂ ಬೇರೆ ದೇಶಗಳೇ. ಉಳಿದ ದಾರಿ ಒಂದೇ, ಮನೆಯ ಮೂಲೆ ಅಥವಾ ಊರೂರು ತಿರುಗಿ ಹಾಡಿ ಬೇಡುವುದು.

ಅಣ್ಣ ತಮ್ಮ ಇಬ್ಬರೂ ಚೆನ್ನಾಗಿ ಹಾಡುತ್ತಿದ್ದರು. ಅದು ಹಾನಗಲ್ಲಿನ ಕುಮಾರಸ್ವಾಮಿಗಳ ಕಿವಿಗೆ ಬಿತ್ತು. ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗ ಮಂದಿರ ಕಟ್ಟಿದವರು ಇವರೇ. ಹುಡುಗರ ಹಾಡು ಕೇಳಿ ಅವರು ಒಂದಿಷ್ಟು ಕಾಸು ಕೊಟ್ಟು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಇವರಿಗೆ ಗುರುಗಳನ್ನು ಹುಡುಕಿ ಕಲಿಸುವ ಜವಾಬ್ದಾರಿ ತೆಗೆದುಕೊಂಡರು. ಗದಿಗೆಯ್ಯನನ್ನು ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳಿಸಿದರು. ಆಮೇಲೆ ಹಿಂದೂಸ್ತಾನಿಗೂ ಗುರುಗಳನ್ನು ಗೊತ್ತು ಮಾಡಿದರು. ಮಿರಜಿನ ನೀಲಕಂಠ ಬುವಾ ಅವರಲ್ಲಿ ಒಬ್ಬರು. ಮಲ್ಲಿಕಾರ್ಜುನ ಮನ್ಸೂರರಿಗೆ ಹಿಂದೂಸ್ತಾನಿಯ ಮೊದಲ ಪಾಠ ಹೇಳಿಕೊಟ್ಟವರೂ ಇವರೇ. ಗದಿಗೆಯ್ಯ ಪಂಚಾಕ್ಷರಿ ಆದರು. ಎರಡೂ ಪದ್ಧತಿಯನ್ನು ಪೂರ್ತಿಯಾಗಿ ಕಲಿತು ಎರಡನ್ನೂ ಕಲಿಸಬಲ್ಲವರು ಅಂತ ಹೆಸರಾದರು.

ಅವರ ಇನ್ನೊಬ್ಬ ಗುರು ಉಸ್ತಾದ್ ಅಬ್ದುಲ್ ವಹೀದ್ ಖಾನ್. ಈ ಹೆಸರು ಬಂದಾಗ ನಾನು ಪುಸ್ತಕ ಕೆಳಗಿಟ್ಟು ಅಮ್ಮಿಯನ್ನು ಕರೆದು ಹೇಳಿದೆ. ಕಿರಾನಾ ಘರಾಣೆಯ ದೊಡ್ಡ ಉಸ್ತಾದರು. ಕೈರಾನಾ ಅನ್ನುವುದು ಈಗಿನ ಉತ್ತರ ಪ್ರದೇಶದ ಒಂದು ಊರು. ಮಿರಜಿನಲ್ಲಿ ನೆಲೆಸಿ ನಮ್ಮ ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದ ಅಬ್ದುಲ್ ಕರೀಂ ಖಾನರು ಇದೇ ಘರಾಣೆಯವರು, ವಹೀದ್ ಖಾನರ ಸಂಬಂಧಿ. ಧಾರವಾಡ, ಹುಬ್ಬಳ್ಳಿ ಕಡೆಯ ಸಂಗೀತದ ಬೇರು ಹಿಡಿದು ಹೋದರೆ ಅಲ್ಲಿ ಒಬ್ಬರಲ್ಲ ಒಬ್ಬರು ಖಾನ್ ಸಾಹೇಬರು ಕೂತಿರುತ್ತಾರೆ. ವಹೀದ್ ಖಾನರು ರಾಗವನ್ನು ಬಹಳ ನಿಧಾನವಾಗಿ, ಒಂದೊಂದೇ ಸ್ವರ ಬಿಡಿಸುತ್ತ ಹಾಡುವುದಕ್ಕೆ ಪ್ರಸಿದ್ಧರು. ಬೇಗಂ ಅಖ್ತರ್ ಕೂಡ ಅವರಲ್ಲಿ ಕಲಿತವರು.

ಆದರೆ ನಾನು ಅಮ್ಮಿಯನ್ನು ಕರೆದದ್ದು ಅದಕ್ಕಲ್ಲ. ಸಂಗೀತಗಾರರು ಈ ಉಸ್ತಾದರನ್ನು ಬೆಹರೆ ವಹೀದ್ ಖಾನ್ ಅನ್ನುತ್ತಿದ್ದರು. ಉರ್ದು ಮನೆಯವರಿಗೆ ಅರ್ಥ ಹೇಳಬೇಕಾಗಿಲ್ಲ. ಉಳಿದವರಿಗೆ: ಬೆಹರಾ ಅಂದರೆ ಕಿವುಡ. ಅವರಿಗೆ ಕಿವಿ ಮಂದ. ಸರಿಯಾಗಿ ಕೇಳಿಸದ ಗುರು, ಕಣ್ಣು ಕಾಣದ ಶಿಷ್ಯ. ಇಬ್ಬರೂ ಎದುರುಬದುರು ಕೂತು ಪಾಠ ನಡೆದಿದೆ, ಅದೂ ಸಂಗೀತದ ಪಾಠ. ಒಬ್ಬರು ಇನ್ನೊಬ್ಬರ ಹತ್ತಿರಕ್ಕೆ ಎಷ್ಟು ಸರಿದು ಕೂತಿರಬೇಕು, ಒಂದು ಸ್ವರವನ್ನು ಎಷ್ಟು ಸಲ ಹಾಡಿ ತೋರಿಸಿರಬೇಕು ಅನ್ನುವುದು ನನ್ನ ಊಹೆ ಅಷ್ಟೇ. ಆಪಾಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಇವರಿಬ್ಬರಿಗೆ ಸಾಧ್ಯವಾದದ್ದು ನಮ್ಮ ಕ್ಲಾಸಿನಲ್ಲಿ ಯಾಕೆ ಆಗುತ್ತಿಲ್ಲ ಅಂತ ಕೇಳಿದಳು. ಆ ಪ್ರಶ್ನೆಯನ್ನು ಇಲ್ಲಿ ಒಂದು ಕಡೆ ಇಟ್ಟಿರುತ್ತೇನೆ.

ಕಲಿತ ಮೇಲೆ ಪಂಚಾಕ್ಷರಿ ಗವಾಯಿಗಳು ಯಾವುದಾದರೂ ಅರಮನೆ ಸೇರಿ ಹಾಡಿಕೊಂಡು ಇರಬಹುದಿತ್ತು. ಮೈಸೂರು ಇತ್ತು, ಮರಾಠಿ ಸಂಸ್ಥಾನಗಳಿದ್ದವು. ಅವರು 1914ರಲ್ಲಿ ಶಾಲೆ ತೆರೆದರು. ವಿಚಿತ್ರ ಶಾಲೆ, ಅದಕ್ಕೆ ಕಟ್ಟಡ ಇರಲಿಲ್ಲ. ಇಂದು ಈ ಊರು, ಮುಂದಿನ ತಿಂಗಳು ಬೇರೆ ಊರು. ಜೊತೆಗೆ ಮಕ್ಕಳು. ಕಣ್ಣಿಲ್ಲದವರು, ಅಪ್ಪ ಅಮ್ಮ ಇಲ್ಲದವರು, ಹೊಟ್ಟೆಗಿಲ್ಲದವರು. ಊರಿನವರು ಕೊಟ್ಟ ಕಾಳುಕಡಿಯಲ್ಲಿ ಊಟ, ಗುಡಿಯಲ್ಲೋ ಮಠದಲ್ಲೋ ವಾಸ. ಬೆಳಿಗ್ಗೆ ಪಾಠ, ಸಂಜೆ ಹಾಡು. ಇದಕ್ಕೆ ಸಂಚಾರಿ ಸಂಗೀತ ಪಾಠಶಾಲೆ ಅಂತ ಹೆಸರು. 1930ರಲ್ಲಿ ಕುಮಾರಸ್ವಾಮಿಗಳು ತೀರಿಕೊಂಡ ಮೇಲೆ ಬೆನ್ನಿಗಿದ್ದ ದೊಡ್ಡ ಆಸರೆ ಹೋಯಿತು. ಶಾಲೆ ನಿಲ್ಲಲಿಲ್ಲ. ಖರ್ಚು ಹೊಂದಿಸಲು ನಾಟಕ ಕಂಪನಿಯನ್ನೂ ನಡೆಸಿದರು. ಕಾಮರ್ಸ್ ಹುಡುಗನಾಗಿ ಹೇಳುತ್ತೇನೆ, ಇಂಥ ಸಂಸ್ಥೆಯ ಆಯ-ವ್ಯಯ ಯಾವ ವರ್ಷವೂ ಸರಿಹೊಂದಿರಲಿಕ್ಕಿಲ್ಲ. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರ ನೆರವಿನಿಂದ ಅಲ್ಲಿ ನೆಲೆ ಸಿಕ್ಕಿತು. ಅವರ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮ.

ನಮ್ಮ ನಾನಾ ಲಾರಿ ಓಡಿಸುತ್ತಿದ್ದರು. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಗದಗ. ಒಂದು ಸಲ ಗದಗಿನಲ್ಲಿ ಲಾರಿ ಕೆಟ್ಟು ಎರಡು ದಿನ ಉಳಿಯಬೇಕಾಯಿತಂತೆ. ಯಾರೋ ಆಶ್ರಮ ತೋರಿಸಿದರು. ಅಲ್ಲಿ ಊಟ ಮಾಡಿದರು, ಹೆಸರು, ಜಾತಿ ಯಾರೂ ಕೇಳಲಿಲ್ಲ. ಬೆಳಗಿನ ಜಾವ ಎಚ್ಚರವಾದರೆ ಒಂದು ಮೂಲೆಯಲ್ಲಿ ತಬಲಾ, ಇನ್ನೊಂದರಲ್ಲಿ ಹಾರ್ಮೋನಿಯಂ, ಮತ್ತೊಂದರಲ್ಲಿ ಗಂಟಲು ಸರಿಮಾಡಿಕೊಳ್ಳುವ ಹುಡುಗರು. ಇಷ್ಟು ಗದ್ದಲದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಪಾಠ ಹೇಗೆ ಕೇಳಿಸಿಕೊಳ್ಳುತ್ತಾರೆ ಅಂತ ನಾನಾಗೆ ಇವತ್ತಿಗೂ ಆಶ್ಚರ್ಯ. ಅದು ಪುಟ್ಟರಾಜ ಗವಾಯಿಗಳ ಕಾಲ. ಅವರ ಮಾತು ಮುಂದೆ ಬರುತ್ತದೆ.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯ. ಈ ಶಾಲೆಯಲ್ಲಿ ಪಾಠ ಹೇಗೆ ನಡೆಯುತ್ತಿತ್ತು? ನಮ್ಮ ಕ್ಲಾಸಿನಲ್ಲಿ ತಬಲಾ ಬಾರಿಸುವ ಹುಡುಗನೊಬ್ಬ ಇದ್ದಾನೆ. ಅವನನ್ನು ಕೇಳಿದಾಗ ವಿಷಯ ತಿಳಿಯಾಯಿತು. ತಬಲಾದಲ್ಲಿ ಕೈ ಎಲ್ಲಿ ಬೀಳಬೇಕು ಅನ್ನುವುದಕ್ಕೆಲ್ಲ ಬಾಯಿಂದ ಹೇಳುವ ಹೆಸರಿದೆ. ಧಾ, ಧಿನ್, ತಿನ್, ತಾ. ಇವುಗಳಿಗೆ ಬೋಲ್ ಅನ್ನುತ್ತಾರೆ. ತೀನ್ ತಾಲದ 16 ಮಾತ್ರೆಗಳನ್ನು ಮೊದಲು ಬಾಯಲ್ಲಿ ಹೇಳಿ, ಕೈಯಲ್ಲಿ ಎಣಿಸಿ, ಆಮೇಲೆ ವಾದ್ಯ ಮುಟ್ಟುವುದು. ಹಾಡಿನಲ್ಲೂ ಹಾಗೆಯೇ. ಗುರು ಒಂದು ಸಾಲು ಹಾಡುತ್ತಾರೆ, ಶಿಷ್ಯ ಅದನ್ನು ಹಾಡುತ್ತಾನೆ, ತಪ್ಪಿದರೆ ಮತ್ತೆ. ಹಾರ್ಮೋನಿಯಂನಲ್ಲಿ ಬೆರಳು ಹಿಡಿದು ಮನೆಯ ಮೇಲೆ ಇಡುವುದು. ಇಡೀ ವಿದ್ಯೆ ಕಿವಿ, ಬಾಯಿ, ಕೈಗಳಲ್ಲಿ ಓಡಾಡುತ್ತದೆ. ಕಣ್ಣಿಗೆ ಅಲ್ಲಿ ದೊಡ್ಡ ಕೆಲಸ ಇಲ್ಲ. ಅಂದರೆ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಆರಿಸಿದ್ದು ಕರುಣೆಯಿಂದ ಮಾತ್ರ ಅಲ್ಲ. ಆ ಕಾಲದಲ್ಲಿ ಬಾಗಿಲು ತೆರೆದೇ ಇದ್ದ ವಿದ್ಯೆ ಅದು. ತಾವೂ ಅದೇ ಬಾಗಿಲಿನಿಂದ ಒಳಗೆ ಹೋದವರು.

ಕಣ್ಣಿದ್ದವರೂ ಅಲ್ಲಿ ಅದೇ ಪಾಠ ಕಲಿತರು. ಇದು ನನಗೆ ಗೊತ್ತಿರಲಿಲ್ಲ. ಬಸವರಾಜ ರಾಜಗುರು ಅನ್ನುವ ದೊಡ್ಡ ಗಾಯಕರು, ಕುಂದಗೋಳ ಕಡೆಯ ಯಲಿವಾಳದವರು, 13ನೇ ವಯಸ್ಸಿಗೆ ಗವಾಯಿಗಳನ್ನು ಸೇರಿದರು. ಅವರಿಗೆ ಕಣ್ಣು ಚೆನ್ನಾಗಿಯೇ ಇತ್ತು. 1936ರಲ್ಲಿ ವಿಜಯನಗರ ಸಾಮ್ರಾಜ್ಯಕ್ಕೆ 600 ವರ್ಷ ತುಂಬಿದ ಉತ್ಸವ ಹಂಪಿಯಲ್ಲಿ ನಡೆಯಿತು. ಹದಿಹರೆಯದ ರಾಜಗುರು ಅಲ್ಲಿ ಮೊದಲ ಸಲ ದೊಡ್ಡ ಸಭೆಯ ಎದುರು ಹಾಡಿದರು. ತಬಲಾಕ್ಕೆ ಕೂತವರು ಯಾರು? ಪಂಚಾಕ್ಷರಿ ಗವಾಯಿಗಳು. ಆಗ ಅವರಿಗೆ 44 ವರ್ಷ, ದೊಡ್ಡ ಹೆಸರು. ಶಿಷ್ಯ ಮುಂದೆ, ಗುರು ಪಕ್ಕದಲ್ಲಿ ತಾಳ ಹಿಡಿದುಕೊಂಡು. ಇಡೀ ಜೀವನಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಚಿತ್ರ ಇದು. ನಮ್ಮಲ್ಲಿ ಯಾವ ಲೆಕ್ಚರರ್ ಆದರೂ ವಿದ್ಯಾರ್ಥಿಯ ಸೆಮಿನಾರಿಗೆ ಪ್ರೊಜೆಕ್ಟರ್ ಹಿಡಿದು ನಿಲ್ಲುತ್ತಾರೆಯೇ ಅಂತ ಯೋಚಿಸಿ ನೋಡಿ. (ನಿಲ್ಲುವ ಒಬ್ಬರಿದ್ದಾರೆ. ಅವರಿಗೆ ಗೊತ್ತಾಗುತ್ತದೆ.)

ಗವಾಯಿಗಳು ತೀರಿಕೊಂಡದ್ದು 1944ರ ಜೂನಿನಲ್ಲಿ. 52 ವರ್ಷ ಅಷ್ಟೇ. ಶಾಲೆಯನ್ನು ಯಾರ ಕೈಗೆ ಕೊಟ್ಟರು ಅನ್ನುವುದರಲ್ಲಿ ಅವರ ಲೆಕ್ಕ ಕಾಣುತ್ತದೆ. ಪುಟ್ಟರಾಜರಿಗೆ ಆಗ 30 ವರ್ಷ. ಅವರೂ ಹಾನಗಲ್ ತಾಲೂಕಿನವರೇ, ದೇವಗಿರಿ, ಹುಟ್ಟಿದ್ದು 1914ರಲ್ಲಿ. ಹಸುಗೂಸಾಗಿದ್ದಾಗಲೇ ಕಣ್ಣು ಹೋಗಿತ್ತು. ಹುಡುಗನಾಗಿದ್ದಾಗಲೇ ಗವಾಯಿಗಳ ಹತ್ತಿರ ಬಂದು ಅಲ್ಲಿಯೇ ಬೆಳೆದರು. ಕಣ್ಣಿಲ್ಲದವರು ಕಟ್ಟಿದ ಸಂಸ್ಥೆಯನ್ನು ಇನ್ನೊಬ್ಬ ಕಣ್ಣಿಲ್ಲದವರೇ ನಡೆಸಬಲ್ಲರು ಅಂತ ಗುರುಗಳಿಗೆ ಅನುಮಾನ ಇರಲಿಲ್ಲ. ಪುಟ್ಟರಾಜರು 2010ರವರೆಗೆ, ಅಂದರೆ 66 ವರ್ಷ ನಡೆಸಿದರು. ಹಲವು ವಾದ್ಯ ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದರು, ನಾಟಕ ಬರೆದರು, ಬ್ರೈಲ್ ಲಿಪಿಯಲ್ಲಿ ಭಗವದ್ಗೀತೆ ಸಿದ್ಧಪಡಿಸಿದರು. ಪದ್ಮಭೂಷಣ ಬಂದದ್ದು ಅವರು ತೀರಿಕೊಂಡ ವರ್ಷವೇ. ಈಗ ಎಲ್ಲೆಲ್ಲೂ ಹಾಡುವ ವೆಂಕಟೇಶ್ ಕುಮಾರರು ಅವರ ಶಿಷ್ಯರು. ಅವರೂ ಕಣ್ಣಿದ್ದವರೇ.

ಇಬ್ಬರು ಗವಾಯಿಗಳ ನಡುವೆ ಒಂದು ದೊಡ್ಡ ವ್ಯತ್ಯಾಸ ಅಂದರೆ ಆ ಬ್ರೈಲ್. ಲೂಯಿ ಬ್ರೈಲ್ ಫ್ರಾನ್ಸಿನಲ್ಲಿ ಆರು ಚುಕ್ಕೆಗಳ ಲಿಪಿಯನ್ನು ಪ್ರಕಟಿಸಿದ್ದು 1829ರಲ್ಲಿ. ಆಗ ಅವನಿಗೆ 20 ವರ್ಷ. ಭಾರತದ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಇರಲಿ ಅಂತ ಭಾರತಿ ಬ್ರೈಲ್ ಒಪ್ಪಿಗೆಯಾದದ್ದು 1951ರಲ್ಲಿ, ಪಂಚಾಕ್ಷರಿ ಗವಾಯಿಗಳು ಹೋಗಿ ಏಳು ವರ್ಷಕ್ಕೆ. ಅದರಲ್ಲಿ ಕನ್ನಡದ ಕ ಅಕ್ಷರಕ್ಕೂ ಉರ್ದುವಿನ ಕಾಫ್‌ಗೂ ಒಂದೇ ಚುಕ್ಕೆಗಳು. ನಮ್ಮ ಮನೆಯಲ್ಲಿ ಎರಡು ಲಿಪಿ, ಒಂದು ಎಡದಿಂದ, ಒಂದು ಬಲದಿಂದ. ಬೆರಳಿಗೆ ಮಾತ್ರ ಎರಡೂ ಒಂದೇ ಕಡೆಯಿಂದ ಬರುತ್ತವೆ. ಇದನ್ನು ಕೇಳಿ ಆಪಾಗೆ ಖುಷಿಯಾಯಿತು. ತಡವಾಗಿ ಕಣ್ಣು ಹೋದದ್ದರಿಂದ ಅವಳಿನ್ನೂ ಬ್ರೈಲ್ ಕಲಿಯುತ್ತಿದ್ದಾಳೆ, ನಿಧಾನವಾಗಿ.

1995ರಲ್ಲಿ ಗಾನಯೋಗಿ ಪಂಚಾಕ್ಷರಿ ಗವಾಯಿ ಅಂತ ಸಿನಿಮಾ ಬಂತು. ಸಂಗೀತಕ್ಕೆ ಹಂಸಲೇಖರಿಗೂ ಹಾಡಿದ್ದಕ್ಕೆ ಎಸ್‌ಪಿಬಿ ಅವರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಮಳೆಯ ಒಂದು ಭಾನುವಾರ ನಾವಿಬ್ಬರೂ ಫೋನಿನಲ್ಲಿ ಹಾಕಿಕೊಂಡು ನೋಡಿದೆವು, ಅವಳು ಕೇಳಿದಳು. ಮಾತಿಲ್ಲದ ದೃಶ್ಯ ಬಂದಾಗಲೆಲ್ಲ ನನ್ನ ತೋಳು ತಿವಿದು ಏನಾಗುತ್ತಿದೆ ಅಂತ ಕೇಳುತ್ತಿದ್ದಳು. ನಾನು ಹೇಳುವುದನ್ನು ಮರೆತು ನೋಡುತ್ತ ಕೂತುಬಿಡುತ್ತಿದ್ದೆ. ಅಂಧ ಗುರುವಿನ ಸಿನಿಮಾವನ್ನು ಅಂಧ ವಿದ್ಯಾರ್ಥಿನಿಗೆ ತೋರಿಸುತ್ತ ನಾನೇ ಹಾಗೆ ಮಾಡಿದೆ. ಕ್ಲಾಸಿನಲ್ಲಿ ಏನಾಗುತ್ತಿದೆ ಅನ್ನುವುದು ನನಗೆ ಅಂದು ಅರ್ಥವಾಯಿತು.

ಯಾಕೆಂದರೆ ನಮ್ಮ ಅಕೌಂಟೆನ್ಸಿ ಕ್ಲಾಸು ಪೂರ್ತಿ ಕಣ್ಣಿನ ಕ್ಲಾಸು. ಬೋರ್ಡಿನ ಮೇಲೆ ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಸರ್ ಚಾಕ್‌ಪೀಸ್ ಇಟ್ಟು, ಇದರಲ್ಲಿ ಇದನ್ನು ಕಳೆದು ಇಲ್ಲಿಗೆ ತನ್ನಿ ಅನ್ನುತ್ತಿದ್ದರು. ಇದು, ಅದು, ಇಲ್ಲಿ. ಬೋಲ್ ಇಲ್ಲದ ತಬಲಾ ಪಾಠ. ಆಪಾ ಮುಂದಿನ ಬೆಂಚಿನಲ್ಲೇ ಕೂತಿರುತ್ತಾಳೆ, ಆದರೆ ಆ ಮೂರು ಪದಗಳಲ್ಲಿ ಅವಳ ಕೈಗೆ ಸಿಗುವುದು ಏನೂ ಇಲ್ಲ. ಇದೇ ಹುಡುಗಿ ಮಕ್ತಬಿನಲ್ಲಿ ನಮಗೆಲ್ಲರಿಗಿಂತ ಮುಂದಿದ್ದಳು. ಅಲ್ಲಿ ಉಸ್ತಾದರು ಓದುತ್ತಿದ್ದರು, ನಾವು ಕೇಳಿ ಹೇಳಿ ಬಾಯಿಪಾಠ ಮಾಡುತ್ತಿದ್ದೆವು. ಕಣ್ಣು ಕಾಣದ ಇಬ್ನ್ ಉಮ್ಮೆ ಮಕ್ತೂಮರು ಬಿಲಾಲರಂತೆಯೇ ಅಜಾನ್ ಕೊಡುತ್ತಿದ್ದರು ಅನ್ನುವುದನ್ನು ನಾವು ಅಲ್ಲೇ ಕಲಿತದ್ದು. ಕಲಿಯುವವಳು ಅದೇ ಹುಡುಗಿ, ಬದಲಾದದ್ದು ಕಲಿಸುವ ರೀತಿ.

ಜುಲೈನಲ್ಲಿ ಮಳೆ ರಜೆ ಸಿಕ್ಕಾಗಲೆಲ್ಲ ಪಾಠ ಫೋನಿಗೆ ಬರುತ್ತಿತ್ತು. ಆಪಾನ ಫೋನು ಪರದೆಯ ಮೇಲಿರುವ ಅಕ್ಷರಗಳನ್ನು ಓದಿ ಹೇಳುತ್ತದೆ. ಲ್ಯಾಬಿನ ಕಂಪ್ಯೂಟರಿಗೂ ಎನ್‌ವಿಡಿಎ ಅನ್ನುವ ತಂತ್ರಾಂಶ ಹಾಕಿದರೆ ಸಾಕು, ಕನ್ನಡವನ್ನೂ ಓದುತ್ತದೆ. ದುಡ್ಡು ಕೊಡಬೇಕಿಲ್ಲ. ಅದನ್ನು 2006ರಲ್ಲಿ ಶುರು ಮಾಡಿದವರು ಆಸ್ಟ್ರೇಲಿಯಾದ ಕಣ್ಣಿಲ್ಲದ ಯುವಕ. ಆದರೆ ನಮ್ಮ ಗ್ರೂಪಿಗೆ ಬರುತ್ತಿದ್ದದ್ದು ಕೈಬರಹದ ನೋಟ್ಸಿನ ಫೋಟೋಗಳು. ಫೋನು ಇಮೇಜ್ ಅಂತ ಒಂದೇ ಮಾತು ಹೇಳಿ ಸುಮ್ಮನಾಗುತ್ತಿತ್ತು. 14 ಪುಟ, 14 ಸಲ ಇಮೇಜ್. ಬಿಸಿನೆಸ್ ಸ್ಟಡೀಸಿನ ಟೈಪ್ ಮಾಡಿದ ನೋಟ್ಸ್ ಬಂದಾಗ ಇದಾದರೂ ಓದುತ್ತದೆ ಅಂದುಕೊಂಡೆವು. ಅದು ಹಳೆಯ ನುಡಿ ಫಾಂಟ್. ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಓದಿಸಿದರೆ ಯಾರೋ ಬೈಯ್ಯುವ ಹಾಗೆ ಕೇಳಿಸಿತು. ಆಪಾ ಮೊದಲು ನಕ್ಕಳು. ಆ ರಾತ್ರಿ ನನ್ನನ್ನು ಕೂರಿಸಿಕೊಂಡು ಟಿಸಿ ಬೇಕೆಂದು ಪ್ರಿನ್ಸಿಪಾಲರಿಗೆ ಅರ್ಜಿ ಬರೆಸಿದಳು. ಸಹಿ ಮಾಡಲು ಮಾತ್ರ ಪೆನ್ನು ತಾನೇ ತೆಗೆದುಕೊಂಡಳು.

ಆ ಅರ್ಜಿ ನಾನು ಕೊಡಲಿಲ್ಲ. ಮೂರು ವಾರ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಗವಾಯಿಗಳ ಬಗ್ಗೆ ಓದಿದ್ದು ಆ ಮೂರು ವಾರಗಳಲ್ಲೇ. ಆಮೇಲೆ ಅದರ ಬದಲು ಇನ್ನೊಂದು ಕಾಗದ ಬರೆದು, ಕ್ಲಾಸಿನವರ ಸಹಿ ಹಾಕಿಸಿ, ಆಪಾನನ್ನೂ ಕರೆದುಕೊಂಡು ಸ್ಟಾಫ್ ರೂಮಿಗೆ ಹೋದೆ. ಕೈ ನಡುಗುತ್ತಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ವಿಷಯ ಬರೆದಿದ್ದೆ. ಪರೀಕ್ಷೆಗೆ ಬರೆದುಕೊಡುವವರು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ಕೊಡಬೇಕು ಅಂತ 2018ರ ಕೇಂದ್ರದ ಮಾರ್ಗಸೂಚಿ ಹೇಳಿತ್ತು, ಅದನ್ನೂ. ಉಳಿದದ್ದು ಸಣ್ಣ ವಿನಂತಿಗಳು: ಬೋರ್ಡಿನ ಮೇಲೆ ಬರೆಯುವುದನ್ನು ಬಾಯಲ್ಲೂ ಹೇಳಿ, ಫೋಟೋ ಬದಲು ಯೂನಿಕೋಡಿನಲ್ಲಿ ಟೈಪ್ ಮಾಡಿ ಅಥವಾ ವಾಯ್ಸ್ ಕಳಿಸಿ. ಅಕೌಂಟೆನ್ಸಿ ಸರ್ ಕಾಗದವನ್ನು ಎರಡು ಸಲ ಓದಿದರು. ನನಗೆ ಬೈಗುಳ ಗ್ಯಾರಂಟಿ ಅನ್ನಿಸಿತ್ತು. ಅವರು ಆಪಾಗೆ, ಇದನ್ನು ಒಂದು ವರ್ಷ ಮೊದಲೇ ನೀನೇ ಬಂದು ಯಾಕಮ್ಮ ಹೇಳಲಿಲ್ಲ ಅಂತ ಕೇಳಿದರು. ಆಪಾ ಉತ್ತರ ಕೊಡಲಿಲ್ಲ. ನನಗನ್ನಿಸಿದ್ದು, ಹೇಳುವ ಕೆಲಸ ಅವಳೊಬ್ಬಳದೇ ಆಗಿರಬಾರದಿತ್ತು.

ಮರುದಿನದಿಂದ ಸರ್ ಪ್ರತಿ ಸಾಲಿಗೂ ಹೆಸರು ಹೇಳತೊಡಗಿದರು. ಆಸ್ತಿ ಬದಿ, ಯಂತ್ರೋಪಕರಣ, 40 ಸಾವಿರ; ಸವಕಳಿ ಶೇಕಡಾ 10, ನಾಲ್ಕು ಸಾವಿರ; ಉಳಿದದ್ದು 36 ಸಾವಿರ, ಹೊರಗಿನ ಕಾಲಂಗೆ. ಪಾಠ ಸ್ವಲ್ಪ ನಿಧಾನವಾಯಿತು. ಕಂಬದ ಹಿಂದೆ ಕೂರುವ ನನಗೂ ಬ್ಯಾಲೆನ್ಸ್ ಶೀಟ್ ತಲೆಗೆ ಹತ್ತತೊಡಗಿತು. ಹಿಂದಿನ ಬೆಂಚಿನ ಇನ್ನಿಬ್ಬರೂ ಹಾಗೇ ಹೇಳಿದರು. ಅರ್ಥಶಾಸ್ತ್ರದ ಬೇಡಿಕೆ ರೇಖೆಯನ್ನು ನಾನು ಹಳೆಯ ಕ್ಯಾಲೆಂಡರ್ ರಟ್ಟಿನ ಮೇಲೆ ಉಣ್ಣೆ ದಾರ ಅಂಟಿಸಿ ಮಾಡಿಕೊಟ್ಟೆ. ಎಲ್ಲ ಸರಿಹೋಗಿಲ್ಲ. ಫೋಟೋಗಳು ಈಗಲೂ ಬರುತ್ತವೆ, ನಾವು ಯಾರಾದರೊಬ್ಬರು ಓದಿ ವಾಯ್ಸ್ ಹಾಕುತ್ತೇವೆ. ಕೆಲವು ದಿನ ಮರೆಯುತ್ತೇವೆ.

ಗದಗಕ್ಕೆ ಕಳಿಸಿ ಅನ್ನುವವರಿಗೆ ನಾನು ಈಗ ಸಿಟ್ಟಿನಿಂದ ಉತ್ತರ ಕೊಡುವುದಿಲ್ಲ. ಗವಾಯಿಗಳು ಮಕ್ಕಳಿಗೆ ಯಾವ ದಾರಿಯಿಂದ ವಿದ್ಯೆ ಒಳಗೆ ಹೋಗುತ್ತದೆ ಅಂತ ಹುಡುಕಿದರು. ನಾವು ಅವರ ಹಾರ್ಮೋನಿಯಂ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಹೀಗೆ ಅಂದರೆ ಪಕ್ಕದ ಮನೆಯ ಅಜ್ಜಿ, ಆಯ್ತು ಮಾರಾಯಾ, ಆದರೂ ಒಂದು ಸಲ ಹೋಗಿ ಬನ್ನಿ ಅನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ಹೋಗಬೇಕು ಅಂತ ನಮಗೂ ಇದೆ. ಆಪಾ ಹಾಡುವುದಿಲ್ಲ ಅಂತ ಮಾತು ಕೊಟ್ಟಿದ್ದಾಳೆ.

ಪರೀಕ್ಷೆಯಲ್ಲಿ ಅವಳಿಗೆ ಬರೆದುಕೊಡುವವಳು ಪ್ರಥಮ ಪಿಯುಸಿ ಸೈನ್ಸಿನ ಹುಡುಗಿ. ಒಂದೇ ಕ್ಲಾಸಿನವನಾದ್ದರಿಂದ ನಾನು ಬರೆಯುವಂತಿಲ್ಲ. ಆ ಹುಡುಗಿಗೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಗೊತ್ತಿಲ್ಲ, ಅದೇ ಸರಿ ಕೂಡ. ಶನಿವಾರ ಮಧ್ಯಾಹ್ನ ಇಬ್ಬರೂ ಖಾಲಿ ಕ್ಲಾಸಿನಲ್ಲಿ ಕೂತು ಅಭ್ಯಾಸ ಮಾಡುತ್ತಾರೆ. ಮೊದಲು ಬದಿ, ಆಮೇಲೆ ಹೆಸರು, ಆಮೇಲೆ ಮೊತ್ತ ಅಂತ ಆಪಾ ಅವಳಿಗೆ ಕಲಿಸಿದ್ದಾಳೆ. ಕಳೆದ ಶನಿವಾರ ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲ. ಡೆಬಿಟ್ ಬದಿಯಲ್ಲಿ 270 ರೂಪಾಯಿ ಕಡಿಮೆ. ನಾನು ಬಸ್ಸು ತಪ್ಪುತ್ತದೆ ಅಂತ ಬಾಗಿಲಲ್ಲಿ ನಿಂತಿದ್ದೆ. ಆಪಾ, 270 ಒಂಬತ್ತರಿಂದ ಭಾಗವಾಗುತ್ತದೆ, ಎಲ್ಲೋ ಅಂಕಿ ಹಿಂದುಮುಂದಾಗಿದೆ, ಡೆಬಿಟ್ ಬದಿಯನ್ನು ಮೇಲಿನಿಂದ ಓದು ಅಂದಳು. ಹುಡುಗಿ ಓದುತ್ತ ಹೋದಳು. ಅಂಚೆ ಖರ್ಚು 360 ಅಂದ ಕೂಡಲೇ ಆಪಾ ಅವಳ ಕೈ ಹಿಡಿದು ನಿಲ್ಲಿಸಿದಳು. ಅದು 630 ಆಗಬೇಕಿತ್ತು.